ಎಷ್ಟು ಆಳದಲ್ಲಿ ಎಡವಬೇಕು?

ಮುರುಡೇಶ್ವರದಿಂದ ದೋಣಿ ಹತ್ತಿ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಹೋಗಿ, ಜೀವನದಲ್ಲಿ ಮೊದಲ ಸಲ ಸಮುದ್ರದೊಳಕ್ಕೆ ಇಳಿಯುವವರಿಗೆ ತರಬೇತುದಾರರು ಒಂದು ಭರವಸೆ ಕೊಡುತ್ತಾರೆ: ಏನೇ ತೊಂದರೆಯಾದರೂ ಸನ್ನೆ ಮಾಡಿ, ಮೇಲಕ್ಕೆ ಕರೆತರುತ್ತೇವೆ. ಹತ್ತು ಮೀಟರ್ ಆಸುಪಾಸಿನ ನೀರಿನಲ್ಲಿ ಆ ಮಾತು ನಿಜ. ನಿಧಾನವಾಗಿ ಉಸಿರು ಬಿಡುತ್ತಾ ಮೇಲೆ ಬಂದರೆ ಗಾಳಿ, ಬೆಳಕು, ದೋಣಿ ಎಲ್ಲವೂ ಅಲ್ಲೇ ಇರುತ್ತವೆ. ಈ ಭರವಸೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಟೆಕ್ನಿಕಲ್ ಡೈವಿಂಗ್ ಶುರುವಾಗುತ್ತದೆ. ಸಾಮಾನ್ಯ ಸ್ಕೂಬಾದ ಎಲ್ಲೆಯಾದ 40 ಮೀಟರನ್ನು ದಾಟುವುದು, ಮುಳುಗಿದ ಹಡಗಿನ ಅಥವಾ ನೀರು ತುಂಬಿದ ಗುಹೆಯ ಒಳಗೆ ಹೋಗುವುದು, ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲೆಂದು ಮೇಲೇರುವ ದಾರಿಯಲ್ಲಿ ಅಲ್ಲಲ್ಲಿ ತಂಗುವುದು ಇವೆಲ್ಲ ಅದರೊಳಗೆ ಸೇರುತ್ತವೆ. ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಪ್ರಯೋಗ ನಡೆಸಿ, ಹೀಗೆ ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದರು. ಅವಸರದಲ್ಲಿ ಮೇಲೆ ಬಂದರೆ ಕರಗಿದ ಅನಿಲ ದೇಹದೊಳಗೇ ಗುಳ್ಳೆಗಟ್ಟುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯು, ಸಾವಿನವರೆಗೆ ಏನು ಬೇಕಾದರೂ ಆಗಬಹುದು. 50 ಮೀಟರ್ ಆಳದಲ್ಲಿ ಇಪ್ಪತ್ತು ನಿಮಿಷ ಕಳೆದವರಿಗೆ ಮೇಲೆ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. ಆ ಹೊತ್ತಿನಲ್ಲಿ ಉಪಕರಣ ಕೈಕೊಟ್ಟರೆ, ಕಣ್ಣು ಮೂಗು ಮುಚ್ಚುವ ಕನ್ನಡಕ ಕಳಚಿದರೆ, ಜೊತೆಗಾರನ ಸಿಲಿಂಡರ್ ಬರಿದಾದರೆ ಅದನ್ನೆಲ್ಲ ನೀರಿನೊಳಗೇ ಸರಿಪಡಿಸಿಕೊಳ್ಳಬೇಕು.

ಆದ್ದರಿಂದ ಈ ತರಬೇತಿಯ ಬಹುಪಾಲು ಕೃತಕ ಸಂಕಟಗಳಿಂದಲೇ ತುಂಬಿರುತ್ತದೆ. ಬೆನ್ನಿಗೆ ಜೋಡಿ ಸಿಲಿಂಡರ್ ಕಟ್ಟಿಕೊಂಡು ಕಲಿಯುವವನಿಗೆ ತರಬೇತುದಾರ ‘ಬಲಗಡೆಯ ವಾಲ್ವ್ ಸೋರುತ್ತಿದೆ’ ಎಂದು ಸನ್ನೆ ಮಾಡುತ್ತಾನೆ. ಕಲಿಯುವವನು ತಲೆಯ ಹಿಂದಕ್ಕೆ ಕೈ ಚಾಚಿ, ಕಣ್ಣಿಗೆ ಕಾಣದ ವಾಲ್ವಿನ ಹಿಡಿಯನ್ನು ಬೆರಳಿನಿಂದ ಹುಡುಕಿ ಮುಚ್ಚಬೇಕು, ಗಾಳಿ ಒದಗಿಸುವ ಇನ್ನೊಂದು ರೆಗ್ಯುಲೇಟರನ್ನು ಬಾಯಿಗೆ ಇಟ್ಟುಕೊಳ್ಳಬೇಕು, ಜೊತೆಗಾರನಿಗೆ ತಿಳಿಸಬೇಕು. ಇಷ್ಟೂ ಮುಗಿಯುವವರೆಗೆ ಇದ್ದ ಆಳದಿಂದ ಅರ್ಧ ಮೀಟರಿನಷ್ಟೂ ಕದಲಬಾರದು. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಕೈ ವಾಲ್ವಿಗೆ ಎಟಕುವುದಿಲ್ಲ. ಎಟಕಿದರೆ ಗಮನವೆಲ್ಲ ಕೈಯ ಮೇಲೆ ಹೋಗಿ, ದೇಹ ಗೊತ್ತಿಲ್ಲದಂತೆ ಮೂರು ಮೀಟರ್ ಮೇಲೆ ತೇಲಿರುತ್ತದೆ. ಕನ್ನಡಕ ತೆಗೆದ ಕೂಡಲೇ ಮೂಗಿಗೆ ನೀರು ನುಗ್ಗಿ ಉಸಿರು ಏರುಪೇರಾಗುತ್ತದೆ. ನೂರಾರು ಸಲ ಸಮುದ್ರಕ್ಕೆ ಇಳಿದು ಬಂದವರಿಗೂ ಹೀಗಾಗುತ್ತದೆ. ಅವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ‘ನನಗೆ ಬರುತ್ತದೆ’ ಎಂಬ ನಂಬಿಕೆಗೇ ಪೆಟ್ಟು ಬಿದ್ದಿರುತ್ತದೆ. ಕೋರ್ಸಿನ ಕೊನೆಗೆ ‘ಈಗಲೇ ಪ್ರಮಾಣಪತ್ರ ಕೊಡಲಾಗದು, ಇನ್ನಷ್ಟು ಅಭ್ಯಾಸ ಮಾಡಿ ಬನ್ನಿ’ ಎಂಬ ಮಾತು ಕೇಳಿದವರು ಅದನ್ನು ತಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದು ತಿಳಿದು ಕುಗ್ಗುತ್ತಾರೆ. ಹಾಗೆ ತಿಳಿಯುವುದು ತಪ್ಪು ಎಂಬುದೇ ಈ ಅಧ್ಯಾಯದ ವಾದ. ಅಭ್ಯಾಸದ ಆರು ಮೀಟರಿನಲ್ಲಿ ಕಂಡ ಸೋಲು ಒಂದು ಅಳತೆ. ಈ ವ್ಯಕ್ತಿ, ಈ ಹೊತ್ತಿನಲ್ಲಿ, ಎಷ್ಟು ಭಾರ ಹೊರಬಲ್ಲ ಎಂಬುದನ್ನು ಅದು ತೋರಿಸುತ್ತದೆ. ಅರುವತ್ತು ಮೀಟರಿಗೆ ಹೋಗುವ ಮೊದಲು ತಿಳಿಯಲೇಬೇಕಾದ ಸಂಗತಿಯೂ ಅದೇ.

ಈ ಮಾತು ಸಮಾಧಾನದ ಮಾತಿನಂತೆ ಕೇಳಿಸಬಹುದು. ಆದರೆ ಇದರ ಹಿಂದೆ ಗಟ್ಟಿಯಾದ ಶರೀರವಿಜ್ಞಾನವಿದೆ. ಸಮುದ್ರದಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 40 ಮೀಟರಿನಲ್ಲಿ ಒಟ್ಟು ಒತ್ತಡ ನೆಲದ ಮೇಲಿನದರ ಐದು ಪಟ್ಟು. ಅಲ್ಲಿ ಎಳೆದುಕೊಳ್ಳುವ ಗಾಳಿಯೂ ಐದು ಪಟ್ಟು ದಟ್ಟವಾಗಿರುತ್ತದೆ, ಅಂದರೆ ಲೀಟರಿಗೆ ಸುಮಾರು 6 ಗ್ರಾಂ. ಉಸಿರಾಡುವ ಅನಿಲದ ಸಾಂದ್ರತೆ ಲೀಟರಿಗೆ 5.2 ಗ್ರಾಂ ಮೀರದಿದ್ದರೆ ಒಳ್ಳೆಯದು, 6.2 ಗ್ರಾಂ ಅನ್ನು ಯಾವ ಕಾರಣಕ್ಕೂ ಮೀರಬಾರದು ಎಂದು ಗ್ಯಾವಿನ್ ಆಂಥೊನಿ ಮತ್ತು ಸೈಮನ್ ಮಿಚೆಲ್ 2016ರಲ್ಲಿ ಸಲಹೆ ಕೊಟ್ಟರು. ದಟ್ಟ ಗಾಳಿಯನ್ನು ಎಳೆದು ಬಿಡಲು ಶ್ರಮ ಹೆಚ್ಚು. ಶ್ರಮ ಹೆಚ್ಚಿದಂತೆ ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ, ಅದು ಏರಿದಂತೆ ‘ಉಸಿರು ಸಾಲುತ್ತಿಲ್ಲ’ ಎಂಬ ದಿಗಿಲು ಹುಟ್ಟುತ್ತದೆ. ಇದರ ಮೇಲೆ ನೈಟ್ರೋಜನ್ನಿನ ಅಮಲು. ಸುಮಾರು 30 ಮೀಟರಿನಿಂದಾಚೆಗೆ ಅದು ಗಮನಕ್ಕೆ ಬರುವಷ್ಟಾಗಿ ಲೆಕ್ಕ, ನೆನಪು, ನಿರ್ಧಾರ ಎಲ್ಲವನ್ನೂ ಮಂಕುಗೊಳಿಸುತ್ತದೆ. ಅದಕ್ಕೆಂದೇ ಆಳಕ್ಕೆ ಹೋಗುವವರು ನೈಟ್ರೋಜನ್ನಿನ ಒಂದು ಪಾಲನ್ನು ತೆಗೆದು ಹೀಲಿಯಂ ಬೆರೆಸುತ್ತಾರೆ. ಇನ್ನು ಮನಸ್ಸಿನ ಮಿತಿ: ಒಮ್ಮೆಗೆ ನಾವು ಗಮನದಲ್ಲಿ ಹಿಡಿದಿಡಬಲ್ಲ ಸಂಗತಿಗಳು ಬೆರಳೆಣಿಕೆಯಷ್ಟೇ. ಆಳ, ಸಮಯ, ಸಿಲಿಂಡರಿನ ಒತ್ತಡ, ಜೊತೆಗಾರ, ದಾರಿಯ ಹಗ್ಗ ಇಷ್ಟಕ್ಕೇ ಆ ಜಾಗ ತುಂಬಿಹೋಗುತ್ತದೆ. ಹೀಗಿರುವಾಗ ಸೋರುವ ವಾಲ್ವನ್ನು ಯೋಚಿಸಿ ಮುಚ್ಚುವುದಕ್ಕೆ ಬುದ್ಧಿಯಲ್ಲಿ ಎಡೆಯೇ ಇರುವುದಿಲ್ಲ, ಕೈಗೆ ಅದು ತಾನಾಗಿ ಬರಬೇಕು. ಆರು ಮೀಟರಿನಲ್ಲಿ ಯೋಚಿಸಿ ಯೋಚಿಸಿ ಹೇಗೋ ಮಾಡಿ ಮುಗಿಸಿದವನು ತಾಂತ್ರಿಕವಾಗಿ ಪಾಸಾಗಿರಬಹುದು. ಅವನಿಗೆ ಅದು ಬರುತ್ತದೆ ಎನ್ನಲಾಗದು.

ಬ್ರಿಟಿಷ್ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ ಮುಳುಗುವವರ ಮೇಲೆ ಮಾಡಿದ ಕೆಲಸ ಇಲ್ಲಿ ಬಹಳ ಉಪಯುಕ್ತ. 1966ರಲ್ಲಿ ಆತ ಪ್ರಕಟಿಸಿದ ಅಧ್ಯಯನವೊಂದು ಸ್ಕ್ರೂಗಳನ್ನು ಒಂದೆಡೆಯಿಂದ ಕಳಚಿ ಇನ್ನೊಂದೆಡೆ ಕೂಡಿಸುವಂಥ ಕೈಚಳಕದ ಕೆಲಸವನ್ನು ಎರಡು ಕಡೆ ಹೋಲಿಸಿತು: ನೆಲದ ಮೇಲಿನ ಒತ್ತಡದ ಕೋಣೆಯಲ್ಲಿ ಮತ್ತು ತೆರೆದ ಸಮುದ್ರದಲ್ಲಿ. ಒತ್ತಡ ಒಂದೇ ಆಗಿದ್ದರೂ ಸಮುದ್ರದಲ್ಲಿ ಕೆಲಸ ಕೆಟ್ಟ ಪ್ರಮಾಣ ಎಷ್ಟೋ ಹೆಚ್ಚು. ನೀರಿನ ತೊಡಕಿನಿಂದಾಗುವ ನಷ್ಟವನ್ನೂ ಅಮಲಿನಿಂದಾಗುವ ನಷ್ಟವನ್ನೂ ಬರಿದೇ ಕೂಡಿದರೆ ಆ ಮೊತ್ತ ಬರುತ್ತಿರಲಿಲ್ಲ. ಮುಂದೆ ತಿಳಿಯಾದ, ಶಾಂತವಾದ ನೀರಿನಲ್ಲಿ ಪರೀಕ್ಷಿಸಿದಾಗ ಅಷ್ಟು ದೊಡ್ಡ ಕುಸಿತ ಕಾಣಲಿಲ್ಲ. ಆದ್ದರಿಂದ ಮೊದಲ ಫಲದಲ್ಲಿ ಆತಂಕದ ಪಾಲಿತ್ತೆಂದು ಸಂಶೋಧಕರು ಊಹಿಸಿದರು. 1975ರಲ್ಲಿ ಡಂಕನ್ ಗಾಡನ್ ಜೊತೆಗೂಡಿ ಬ್ಯಾಡ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಪ್ರಸಿದ್ಧ. ಸ್ಕಾಟ್ಲೆಂಡಿನ ಓಬನ್ ಬಳಿ ಮುಳುಗುವವರಿಗೆ 36 ಪದಗಳ ಪಟ್ಟಿ ಕೇಳಿಸಿದರು. ನೀರಿನೊಳಗೆ ಕಲಿತದ್ದನ್ನು ನೀರಿನೊಳಗೇ ನೆನೆದಾಗ ಸರಾಸರಿ ಹನ್ನೊಂದಕ್ಕಿಂತ ತುಸು ಹೆಚ್ಚು ಪದ ನೆನಪಾದವು, ನೀರಿನೊಳಗೆ ಕಲಿತು ದಡದಲ್ಲಿ ನೆನೆದಾಗ ಎಂಟಕ್ಕಿಂತ ತುಸು ಹೆಚ್ಚು. ಈ ಫಲ ಪ್ರಶ್ನಾತೀತವಲ್ಲ. 2021ರಲ್ಲಿ ನೆದರ್ಲೆಂಡ್ಸಿನ ಸಂಶೋಧಕ ಯಾಪ್ ಮುರ್ರೆ ಈಜುಕೊಳದಲ್ಲಿ ಅದನ್ನು ಮತ್ತೆ ಮಾಡಿ ನೋಡಿದಾಗ ಆ ವ್ಯತ್ಯಾಸ ಸಿಗಲಿಲ್ಲ. ಬೆಚ್ಚಗಿನ ಕೊಳಕ್ಕೂ ಸ್ಕಾಟ್ಲೆಂಡಿನ ತಣ್ಣನೆಯ ತೆರೆದ ನೀರಿಗೂ ಇರುವ ಅಂತರವೇ ಇದಕ್ಕೆ ಕಾರಣವೋ, ಮೂಲ ಫಲವೇ ದುರ್ಬಲವೋ ಎಂಬುದು ಚರ್ಚೆಯ ವಿಷಯ. ಆದರೆ ತರಬೇತಿಯ ಮಟ್ಟಿಗೆ ಈ ಪ್ರಯೋಗಗಳಿಂದ ಒಂದು ತೀರ್ಮಾನಕ್ಕೆ ಬರಬಹುದು ಎಂದು ನನ್ನ ನಂಬಿಕೆ: ಒಬ್ಬರ ಸಾಮರ್ಥ್ಯ ಅವರೊಳಗೆ ಸ್ಥಿರವಾಗಿ ಕೂತ ವಸ್ತುವಲ್ಲ. ಆಳ, ಚಳಿ, ಕತ್ತಲೆ, ಭಯ ಇವುಗಳ ಜೊತೆ ಅದು ಏರಿಳಿಯುತ್ತದೆ.

ಕೊಪ್ಪಳ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತ ಹುಡುಗನನ್ನು ಅದೇ ವಾರ ತುಂಬಿ ಹರಿಯುವ ತುಂಗಭದ್ರೆಗೆ ಯಾರೂ ಇಳಿಸುವುದಿಲ್ಲ. ಮೊದಲು ಬುರುಡೆ ಬಿಚ್ಚಿ ಅದೇ ಬಾವಿಯಲ್ಲಿ ನೋಡುತ್ತಾರೆ, ಮುಳುಗಿದರೆ ಮತ್ತೆ ಕಟ್ಟುತ್ತಾರೆ. ಮತ್ತೆ ಕಟ್ಟಿದ್ದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ. ಸೋತ ಮೇಲೆ ಏನು ಮಾಡಬೇಕೆಂಬುದಕ್ಕೆ ವಿಜ್ಞಾನದ ಉತ್ತರವೂ ಇದಕ್ಕೆ ಹತ್ತಿರವೇ. ಎಡವಿದ ಕೆಲಸವನ್ನು ಒಡೆದು, ಎಲ್ಲಿ ಅದು ಸಲೀಸಾಗಿ ಆಗುತ್ತದೋ ಆ ಮಟ್ಟಕ್ಕೆ ಇಳಿಯಬೇಕು. ವಾಲ್ವ್ ಎಟಕದಿದ್ದರೆ ದಡದಲ್ಲೇ ಸಿಲಿಂಡರ್ ಕಟ್ಟಿಕೊಂಡು ಪಟ್ಟಿಗಳ ಉದ್ದ, ಸಿಲಿಂಡರ್ ಕೂರುವ ಎತ್ತರ, ತೋಳಿನ ಬಳಕು ನೋಡಬೇಕು. ಎಷ್ಟೋ ಸಲ ದೋಷ ಮನುಷ್ಯನದಾಗಿರದೆ ಪಟ್ಟಿಯದಾಗಿರುತ್ತದೆ. ಬಳಿಕ ಕೊಳದಲ್ಲಿ, ಆಮೇಲೆ ಐದಾರು ಮೀಟರಿನಲ್ಲಿ. ಪ್ರತಿ ಸಲ ಒಂದೇ ಒಂದು ತೊಡಕನ್ನು ಹೆಚ್ಚಿಸಬೇಕು. ಆಳವನ್ನೂ ಹೆಚ್ಚಿಸಿ, ಕನ್ನಡಕವನ್ನೂ ತೆಗೆದು, ಹೊಸ ಉಪಕರಣವನ್ನೂ ಕೊಟ್ಟರೆ ಸೋಲು ಯಾವುದರಿಂದ ಬಂತೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಅಭ್ಯಾಸವನ್ನು ದಿನಗಳ ಮೇಲೆ ಹರಡುವುದೂ ಅಷ್ಟೇ ಮುಖ್ಯ. ಇಲ್ಲಿಯೂ ಬ್ಯಾಡ್ಲಿಯದೇ ಸಾಕ್ಷ್ಯವಿದೆ, ಆದರೆ ಮುಳುಗುವವರದ್ದಲ್ಲ, ಅಂಚೆ ನೌಕರರದ್ದು. ಬ್ರಿಟನ್ನಿನ ಅಂಚೆ ಇಲಾಖೆ ತನ್ನ ನೌಕರರಿಗೆ ಕೀಲಿಮಣೆ ಕಲಿಸಬೇಕಾದಾಗ ಬ್ಯಾಡ್ಲಿ ಮತ್ತು ಸಹಸಂಶೋಧಕ ಲಾಂಗ್‌ಮನ್ ಆ ನೌಕರರನ್ನು ಗುಂಪುಗಳಾಗಿ ಮಾಡಿ, ಕೆಲವರಿಗೆ ದಿನಕ್ಕೆ ಒಂದು ಗಂಟೆ, ಇನ್ನು ಕೆಲವರಿಗೆ ಎರಡು ಗಂಟೆಯ ಎರಡು ಪಾಳಿಯಂತೆ ಕಲಿಸಿ, ಫಲವನ್ನು 1978ರಲ್ಲಿ ಪ್ರಕಟಿಸಿದರು. ದಿನಕ್ಕೊಂದೇ ಗಂಟೆ ಕಲಿತವರು ಒಟ್ಟು ಕಡಿಮೆ ಗಂಟೆಗಳಲ್ಲಿ ಗುರಿ ಮುಟ್ಟಿದರು. ಆದರೂ ತಮ್ಮ ತರಬೇತಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ತೃಪ್ತಿಯಿದ್ದವರು ಅವರೇ, ಏಕೆಂದರೆ ದಿನಗಳ ಲೆಕ್ಕದಲ್ಲಿ ಉಳಿದವರು ಮುಂದೆ ಹೋದಂತೆ ಅವರಿಗೆ ಕಾಣುತ್ತಿತ್ತು. ಟೆಕ್ನಿಕಲ್ ಡೈವಿಂಗ್ ಕಲಿಯುವವರು ಈ ಫಲವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹಿಂದೆ ಬಿದ್ದೆ ಎಂಬ ಭಾವನೆ, ನಿಜವಾಗಿ ಎಷ್ಟು ಕಲಿತಿದ್ದೇವೆ ಎಂಬುದಕ್ಕೆ ನಂಬಲರ್ಹ ಸೂಚಕವಲ್ಲ. ನಾಲ್ಕೈದು ದಿನಕ್ಕೆ ತುರುಕಿದ ಕೋರ್ಸಿನಲ್ಲಿ ಸೋತು, ಎರಡು ತಿಂಗಳು ಬಿಟ್ಟುಬಿಟ್ಟು ಅಭ್ಯಾಸ ಮಾಡಿ ಮರಳಿದವರ ಕೈ, ಮೊದಲ ಸಲಕ್ಕೇ ಪಾಸಾಗಿ ಅಭ್ಯಾಸ ನಿಲ್ಲಿಸಿದವರ ಕೈಗಿಂತ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು.

ಇದಕ್ಕೆ ಮೊದಲ ಆಕ್ಷೇಪ ಹಣದ್ದು. ಒಳನಾಡಿನಿಂದ ಕರಾವಳಿಗೆ, ಅಲ್ಲಿಂದ ಮುಂದಿನ ತರಬೇತಿಗೆ ಅಂಡಮಾನಿಗೋ ವಿದೇಶಕ್ಕೋ ಹೋಗುವವರು ರಜೆ ಹಾಕಿ, ಸಾಲ ಮಾಡಿ ಹೋಗಿರುತ್ತಾರೆ. ಅವರಿಗೆ ‘ಮತ್ತೆ ಬನ್ನಿ’ ಎನ್ನುವುದು ಸುಲಭವೇ? ಸುಲಭವಲ್ಲ, ಆ ನೋವು ನಿಜ. ಆದರೆ ಖರ್ಚಾದ ಹಣ ವಾಪಸು ಬರುವುದಿಲ್ಲವೆಂಬ ಕಾರಣಕ್ಕೆ ಮುಂದಿನ ಮುಳುಗನ್ನು ಮಾಡುವುದೇ ಇಲ್ಲಿನ ದೊಡ್ಡ ಅಪಾಯ. ಸಿಲಿಂಡರಿನಲ್ಲಿ ಎಷ್ಟು ಅನಿಲವಿದೆ ಎಂಬುದು ಕೊಟ್ಟ ಶುಲ್ಕವನ್ನು ನೋಡಿ ತೀರ್ಮಾನವಾಗುವುದಿಲ್ಲ. ಕೋರ್ಸಿಗೆ ಸೇರುವ ಮೊದಲೇ ‘ಪಾಸಾಗದಿದ್ದರೆ ಮುಂದೇನು’ ಎಂದು ಕೇಳಿ ತಿಳಿದುಕೊಳ್ಳುವುದು, ತರಬೇತುದಾರರು ಶುಲ್ಕ ತರಬೇತಿಗೆ ಹೊರತು ಪ್ರಮಾಣಪತ್ರಕ್ಕಲ್ಲ ಎಂದು ಮೊದಲ ದಿನವೇ ಹೇಳುವುದು ಇದಕ್ಕೆ ಇರುವ ಪ್ರಾಮಾಣಿಕ ದಾರಿ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ನೀರಿನೊಳಗಿನ ಆಪತ್ತು ಹಂತಹಂತವಾಗಿ ಬರುವುದಿಲ್ಲ, ಆದ್ದರಿಂದ ಕಲಿಯುವವರನ್ನು ಕಠಿಣ ಸ್ಥಿತಿಗೆ ನೂಕಿಯೇ ಗಟ್ಟಿ ಮಾಡಬೇಕು ಎಂಬ ವಾದವಿದು. ಕಠಿಣ ಅಭ್ಯಾಸ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಸುಲಭವಾದದ್ದನ್ನೇ ಮಾಡುತ್ತಿದ್ದರೆ ಯಾವ ಕಲಿಕೆಯೂ ಬೇರೂರುವುದಿಲ್ಲ. ಆದರೆ ಕಷ್ಟಕ್ಕೂ ದಿಗಿಲಿಗೂ ನಡುವೆ ಒಂದು ಗಡಿಯಿದೆ. ದಿಗಿಲಿಗೆ ಬಿದ್ದವರು ಚಿಕ್ಕಚಿಕ್ಕದಾಗಿ ಅವಸರದ ಉಸಿರು ಎಳೆಯುತ್ತಾರೆ. ಆ ಗಾಳಿಯ ಹೆಚ್ಚಿನ ಪಾಲು ಶ್ವಾಸಕೋಶದ ಆಳ ಮುಟ್ಟದೆ ಶ್ವಾಸನಾಳದಲ್ಲೇ ಓಡಾಡಿ ಹೊರಬರುತ್ತದೆ, ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಏರುತ್ತದೆ, ದಿಗಿಲು ಹೆಚ್ಚುತ್ತದೆ. ಈ ಸುಳಿಗೆ ಮತ್ತೆ ಮತ್ತೆ ನೂಕಿದರೆ ಮನಸ್ಸು ಕಲಿಯುವುದು ನೀರೆಂದರೆ ಹೆದರುವುದನ್ನು. ವಾಲ್ವ್ ಮುಚ್ಚುವುದನ್ನು ಅದು ಕಲಿಯುವುದಿಲ್ಲ. ಹಾಗಾಗಿ ಒಳ್ಳೆಯ ತರಬೇತುದಾರ ಕಲಿಯುವವರ ಉಸಿರಿನ ಗುಳ್ಳೆಗಳನ್ನು ಗಮನಿಸುತ್ತಿರುತ್ತಾನೆ. ಗುಳ್ಳೆಗಳ ಲಯ ಕೆಟ್ಟಿತೆಂದರೆ ಅವನು ಅಭ್ಯಾಸ ನಿಲ್ಲಿಸುತ್ತಾನೆ, ಲಯ ಮರಳಿದ ಮೇಲಷ್ಟೇ ಮುಂದುವರಿಸುತ್ತಾನೆ. ಹಾಗೆ ನಿಲ್ಲಿಸುವುದು ತರಬೇತಿಯನ್ನು ಸಡಿಲಗೊಳಿಸಿದಂತಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ನೋವಿನದು. ಇದೆಲ್ಲ ಹವ್ಯಾಸಿಗಳಿಗೆ ಸರಿ, ಯಾರೋ ನೀರುಪಾಲಾದಾಗ ದಡದಲ್ಲಿ ಕಾಯುವ ಮನೆಯವರ ಎದುರು ‘ಇವತ್ತು ಇಳಿಯುವುದಿಲ್ಲ’ ಎನ್ನಲಾದೀತೇ? 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಸೇರಿದಾಗ ಈ ಪ್ರಶ್ನೆ ಇಡೀ ರಾಜ್ಯದ ಕಣ್ಣೆದುರು ಬಂತು. ನೌಕಾಪಡೆಯ ಮುಳುಗುಗಾರರು ಬಂದರು, ಮಲ್ಪೆಯ ಮುಳುಗುತಜ್ಞ ಈಶ್ವರ ಮಲ್ಪೆ ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ನದಿಗೆ ಇಳಿದರು. ಕೆಸರು ತುಂಬಿದ ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ, ಮಳೆಗಾಲದ ಸೆಳೆತ ಮಿತಿ ಮೀರಿತ್ತು. ಜುಲೈ 28ರಂದು ಶೋಧ ನಿಂತಿತು. ಬಿಟ್ಟುಬಿಟ್ಟು ಮತ್ತೆ ಶುರುವಾದ ಶೋಧದಲ್ಲಿ, ಗೋವಾದಿಂದ ತಂದ ಡ್ರೆಜರ್ ಹೂಳೆತ್ತಿದ ಮೇಲೆ, ಸೆಪ್ಟೆಂಬರ್ 25ರಂದು ಕೊಚ್ಚಿಹೋಗಿದ್ದ ಲಾರಿಯೊಂದೂ ಅದರೊಳಗೆ ಚಾಲಕನ ದೇಹವೂ ಸಿಕ್ಕವು. ಆ ಎರಡು ತಿಂಗಳು ಮನೆಯವರು ಪಟ್ಟ ಸಂಕಟವನ್ನು ಯಾವ ವಾದವೂ ಕಡಿಮೆ ಮಾಡಲಾರದು. ಆದರೆ ಆ ಸೆಳೆತದಲ್ಲಿ ಇನ್ನಷ್ಟು ಜನರನ್ನು ಇಳಿಸಿದ್ದರೆ ಕಾಯುವ ಮನೆಗಳು ಹೆಚ್ಚಾಗುತ್ತಿದ್ದವು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್ ಎಂಬ ನೀರುಗುಹೆಯಲ್ಲಿ 2005ರ ಜನವರಿ 8ರಂದು ಆದದ್ದು ಅದೇ. ಹತ್ತು ವರ್ಷ ಹಿಂದೆ ಅಲ್ಲಿ ತೀರಿಕೊಂಡ ಯುವಕನ ದೇಹವನ್ನು ತರಲು ಸುಮಾರು 270 ಮೀಟರ್ ಆಳಕ್ಕೆ ಇಳಿದ ಡೇವ್ ಶಾ ಎಂಬ ಅತ್ಯಂತ ಅನುಭವಿ ಡೈವರ್, ದೇಹ ಎಣಿಸಿದಂತೆ ಇರದೆ ಕೆಲಸ ತೊಡಕಾದಾಗ ಶ್ರಮಪಟ್ಟು ಮುಂದುವರಿದರು. ಶಿರಸ್ತ್ರಾಣದ ಕ್ಯಾಮೆರಾ ಅವರ ಉಸಿರಿನ ಸದ್ದನ್ನು ಕೊನೆಯವರೆಗೆ ದಾಖಲಿಸಿತ್ತು. ಆ ದಟ್ಟ ಅನಿಲದಲ್ಲಿ ಶ್ರಮಪಟ್ಟದ್ದರಿಂದ ಏರಿದ ಇಂಗಾಲದ ಡೈಆಕ್ಸೈಡ್ ಅವರ ಸಾವಿಗೆ ಕಾರಣವಾಯಿತೆಂದು ತಜ್ಞರು ವಿಶ್ಲೇಷಿಸಿದರು. ಧೈರ್ಯಕ್ಕೂ ಅನುಭವಕ್ಕೂ ಅಲ್ಲಿ ಯಾವ ಕೊರತೆಯೂ ಇರಲಿಲ್ಲ.

ಅರ್ಧಕ್ಕೆ ಮರಳುವ ಅಭ್ಯಾಸ ಆಪತ್ತಿನ ದಿನ ಏಕಾಏಕಿ ಬರುವುದಿಲ್ಲ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಮುಳುಗನ್ನು ನಿಲ್ಲಿಸಬಹುದು ಎಂಬುದು ಗುಹೆ ಡೈವರ್‌ಗಳ ಹಳೆಯ ನಿಯಮ. ಹೆಬ್ಬೆರಳು ಮೇಲೆತ್ತಿದರೆ ಮುಗಿಯಿತು, ಅದಕ್ಕೆ ಎದುರುವಾದವಿಲ್ಲ. ಅಮೆರಿಕದ ಗುಹೆ ಡೈವರ್ ಷೆಕ್ ಎಕ್ಸ್‌ಲಿ ಸಾವುಗಳ ವರದಿಗಳನ್ನು ಒಂದೊಂದಾಗಿ ಬಿಡಿಸಿ 1979ರಲ್ಲಿ ಪುಸ್ತಕವಾಗಿ ತಂದಾಗ ಪದೇಪದೇ ಕಂಡ ಕಾರಣಗಳು ಕೆಲವೇ: ಹೊರಗಿನವರೆಗೆ ಕಡಿಯದ ದಾರಿಯ ಹಗ್ಗ ಇರಲಿಲ್ಲ, ಮರಳುವ ದಾರಿಗೆಂದು ಮೂರರಲ್ಲಿ ಎರಡು ಪಾಲು ಅನಿಲ ಉಳಿಸಿರಲಿಲ್ಲ, ಮಿತಿ ಮೀರಿ ಆಳಕ್ಕೆ ಹೋಗಿದ್ದರು. ಈ ಮೂರೂ ಹಿಂದೆ ತಿರುಗಬೇಕಾದ ಹೊತ್ತಿನಲ್ಲಿ ಮುಂದೆ ಹೋದದ್ದರ ರೂಪಗಳು. ತರಬೇತಿಯಲ್ಲಿ ಸೋಲನ್ನು ನಾಚಿಕೆಗೆ ತಳುಕು ಹಾಕುವ ತರಬೇತುದಾರ, ತನಗೆ ಅರಿವಿಲ್ಲದೆ, ಹೆಬ್ಬೆರಳು ಎತ್ತದಿರುವುದನ್ನು ಕಲಿಸುತ್ತಿರುತ್ತಾನೆ. ಇನ್ನು ಕೆಲವರಿಗೆ ಈ ವಿದ್ಯೆ ಹೊಂದುವುದೇ ಇಲ್ಲ, ಅದನ್ನೂ ಮರೆಮಾಚಬಾರದು. ಸುಮಾರು ನಾಲ್ವರಲ್ಲಿ ಒಬ್ಬರ ಹೃದಯದ ಮೇಲಿನ ಕೋಣೆಗಳ ನಡುವೆ ಹುಟ್ಟಿನಿಂದಲೇ ಪೂರ್ತಿ ಮುಚ್ಚದ ಚಿಕ್ಕ ಕಿಂಡಿ ಇರುತ್ತದೆ. ನೆಲದ ಮೇಲೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ಹಂತಹಂತವಾಗಿ ಮೇಲೇರಬೇಕಾದ ಡೀಕಂಪ್ರೆಶನ್ ಮುಳುಗಿನಲ್ಲಿ ಗುಳ್ಳೆಗಳು ಶ್ವಾಸಕೋಶದ ಸೋಸುವಿಕೆ ತಪ್ಪಿಸಿಕೊಂಡು ಮಿದುಳಿಗೆ ಹೋಗುವ ದಾರಿಯಾಗಬಹುದು. ಅಂಥವರಿಗೆ ವೈದ್ಯರು ‘ಬೇಡ’ ಎಂದರೆ ಅದು ಮನೋಬಲದ ಪ್ರಶ್ನೆಯಲ್ಲ, ಪಾಲಿಸಬೇಕಾದ ಸಲಹೆ.

ಕೊಪ್ಪಳ ಜಿಲ್ಲೆಯ ಮಂಗಳೂರು, ಯಲಬುರ್ಗಾ, ಕುಷ್ಟಗಿಯ ಓದುಗರಿಗೆ ಸಮುದ್ರ ದೂರದ್ದು, ನೀರಿನ ಆಪತ್ತು ಮಾತ್ರ ದೂರದ್ದಲ್ಲ. 2025ರ ಫೆಬ್ರವರಿಯಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಬಳಿ ಬಂಡೆಯ ಮೇಲಿಂದ ತುಂಗಭದ್ರೆಗೆ ಹಾರಿದ ಪ್ರವಾಸಿಯೊಬ್ಬರು ಸೆಳೆತಕ್ಕೆ ಸಿಕ್ಕಿ ತೀರಿಕೊಂಡರು. ಅಂಥ ಕರೆ ಬಂದಾಗ ಮೊದಲು ಇಳಿಯುವವರು ಅಗ್ನಿಶಾಮಕ ಸಿಬ್ಬಂದಿ, ಹರಿಗೋಲು ಹಾಕುವವರು, ಊರಿನ ಈಜುಗಾರರು. ಅವರಿಗೆ ಸಮುದ್ರಮಟ್ಟಕ್ಕೆಂದು ಮಾಡಿದ ಮೇಲೇರುವ ಕೋಷ್ಟಕಗಳೂ ಇದ್ದಂತೆ ಹೊಂದುವುದಿಲ್ಲ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯ ಪೂರ್ಣ ನೀರಿನ ಮಟ್ಟ 1,633 ಅಡಿ, ಅಂದರೆ ಸುಮಾರು 498 ಮೀಟರ್. 300 ಮೀಟರಿಗಿಂತ ಎತ್ತರದ ನೀರನ್ನು ತರಬೇತಿ ಸಂಸ್ಥೆಗಳು ಎತ್ತರ ಪ್ರದೇಶದ ಮುಳುಗೆಂದೇ ಲೆಕ್ಕ ಹಾಕುತ್ತವೆ, ಏಕೆಂದರೆ ಮೇಲೆ ಬಂದಾಗ ಅಲ್ಲಿನ ಗಾಳಿಯ ಒತ್ತಡ ಕಡಿಮೆ, ಗುಳ್ಳೆಗಟ್ಟುವ ಸಾಧ್ಯತೆ ಹೆಚ್ಚು. ಹೀಗೆ ನೀರಿಗಿಳಿಯುವವರಿಗೆ ಒಳ್ಳೆಯ ಉಪಕರಣ ಕೊಡಬೇಕೆಂದು ನಾವು ಕೇಳುತ್ತೇವೆ, ಕೇಳಲೇಬೇಕು. ಅದರ ಜೊತೆಗೆ ಇನ್ನೆರಡನ್ನು ಕೇಳೋಣ: ತುರ್ತಿಲ್ಲದ ದಿನಗಳಲ್ಲಿ, ಆಳವಿಲ್ಲದ ನಿಂತ ನೀರಿನಲ್ಲಿ, ತಪ್ಪುತ್ತಾ ತಿದ್ದಿಕೊಳ್ಳುತ್ತಾ ಅಭ್ಯಾಸ ಮಾಡಲು ಸಂಬಳಸಹಿತ ಸಮಯ, ಮತ್ತು ಇಳಿಯಲಾಗದ ದಿನ ಇಳಿಯುವುದಿಲ್ಲ ಎಂದು ಹೇಳುವ ಅಧಿಕಾರ. ದಡದಲ್ಲಿ ನಿಂತು ನೋಡುವ ನಾವು ಆ ಮಾತನ್ನು ಹೇಡಿತನವೆಂದು ಕೂಗದಿರೋಣ.